ಪೇಟೆಯ ಹುಡುಗಿಯರೂ ಮಹಾರಾಣಿ ಕಾಲೇಜೂ

ನಗರ್ತಪೇಟೆಯ ಇಕ್ಕಟ್ಟು ಬೀದಿಗಳಿಂದ ಹೊರಬಿದ್ದು, ಹಿಂದೆ ದೊಡ್ಡಪೇಟೆ ಎನಿಸಿಕೊಂಡಿದ್ದ ಅವೆನ್ಯೂ ರಸ್ತೆಯನ್ನು ಹಿಡಿದು ಉತ್ತರಕ್ಕೆ ನಡೆದರೆ, ವಾಚಕರು ಅರ್ಧ ಗಂಟೆಯೊಳಗೆ ಮೈಸೂರು ಬ್ಯಾಂಕಿನ ಚೌಕವನ್ನು ತಲಪುತ್ತಾರೆ. ಅಲ್ಲಿಂದ ಮುಂದೆ ಒಂದು ಕಡೆ ಸೆಂಟ್ರಲ್ ಕಾಲೇಜಿನ ಗಡಿಯಾರದ ಗೋಪುರ. ಇನ್ನೊಂದು ಕಡೆ, ಶೇಷಾದ್ರಿ ರಸ್ತೆಯಲ್ಲಿ, ಮಹಾರಾಣಿ ಕಾಲೇಜು. ಬೆಳಗಿನ ಹೊತ್ತು ಆ ದಾರಿಯಲ್ಲಿ ಹೋದವರಿಗೆ ಪುಸ್ತಕದ ಚೀಲ ಹೊತ್ತ ಹುಡುಗಿಯರ ಗುಂಪುಗಳು ಎಷ್ಟು ಸಹಜವಾಗಿ ಕಾಣುತ್ತವೆಂದರೆ, ಅದರಲ್ಲಿ ಗಮನಿಸಬೇಕಾದದ್ದು ಏನೂ ಇಲ್ಲವೆಂದೇ ಯಾರಿಗಾದರೂ ತೋರುತ್ತದೆ. ಆದರೆ ಈ ಒಂದೂವರೆ ಮೈಲಿಯ ದಾರಿ ಸವೆಯುವುದಕ್ಕೆ ಊರಿಗೆ ತೊಂಬತ್ತಾರು ವರ್ಷಗಳು ಬೇಕಾದವು. ಪೇಟೆಯಲ್ಲಿ ಕನ್ನಡ ಹುಡುಗಿಯರಿಗೆಂದು ಮೊದಲನೆಯ ಶಾಲೆ ತೆರೆದದ್ದು ೧೮೪೨ರಲ್ಲಿ. ಬೆಂಗಳೂರಿನಲ್ಲಿ ಮಹಾರಾಣಿ ಕಾಲೇಜು ಹುಟ್ಟಿದ್ದು ೧೯೩೮ರಲ್ಲಿ. ನಡುವೆ ಏನು ನಡೆಯಿತು, ಏತಕ್ಕಾಗಿ ಅಷ್ಟು ಕಾಲ ಹಿಡಿಯಿತು ಎಂಬುದನ್ನು ಹೇಳುವುದೇ ಈ ಲೇಖನದ ಉದ್ದೇಶ.

೧೮೪೨ರ ಶಾಲೆಯನ್ನು ತೆರೆದವರು ಲಂಡನ್ ಮಿಷನ್ನಿನ ಇಬ್ಬರು ಗೃಹಿಣಿಯರು: ಸಿವೆಲ್ ಪಾದ್ರಿಯ ಪತ್ನಿ ಮತ್ತು ಬೆಂಜಮಿನ್ ರೈಸ್ ಪಾದ್ರಿಯ ಪತ್ನಿ. ಅವೆನ್ಯೂ ರಸ್ತೆಯಲ್ಲಿ ಇಂದಿಗೂ ನಿಂತಿರುವ ರೈಸ್ ಸ್ಮಾರಕ ಚರ್ಚು ಈ ಬೆಂಜಮಿನ್ ರೈಸರ ಹೆಸರಿನದು. ಅವರ ಮಗ ಲೂಯಿ ರೈಸ್ ಬೆಂಗಳೂರಿನಲ್ಲೇ ಹುಟ್ಟಿ, ಕನ್ನಡ ಕಲಿತು, ಮುಂದೆ ನಮ್ಮ ಶಾಸನಗಳನ್ನು ಹುಡುಕಿ ಅಚ್ಚು ಹಾಕಿಸಿದ ಮಹನೀಯರು. ಸಂಸ್ಥಾನದ ವಿದ್ಯಾ ಇಲಾಖೆಯನ್ನೂ ನಡೆಸಿದರು. ಹೋಬಳಿಗೊಂದು ಶಾಲೆ ಇರಬೇಕೆಂಬ ೧೮೬೮ರ ಯೋಜನೆ ಅವರದೇ. ಮಗನ ಹೆಸರು ಕನ್ನಡಿಗರಿಗೆಲ್ಲ ಗೊತ್ತು. ತಾಯಿ ಮಾಡಿದ ಕೆಲಸ ಮಾತ್ರ ಚರ್ಚಿನ ಗೋಡೆಯ ಆಚೆಗೆ ಹೆಚ್ಚು ಮಂದಿಗೆ ತಿಳಿಯಲಿಲ್ಲ. ಹೆಣ್ಣುಮಕ್ಕಳ ವಿದ್ಯೆಯ ಚರಿತ್ರೆಯಲ್ಲಿ ಇದು ಮೇಲಿಂದ ಮೇಲೆ ನಡೆಯುವ ಸಂಗತಿ, ಆದ್ದರಿಂದ ಮೊದಲೇ ಹೇಳಿಬಿಟ್ಟೆ.

ಆ ಶಾಲೆ ಬದುಕಿತು, ಬೆಳೆಯಿತು ಕೂಡ. ಆದರೆ ಪೇಟೆಯ ವರ್ತಕರ ಮನೆಗಳು, ಪುರೋಹಿತರ ಮನೆಗಳು ತಮ್ಮ ಹೆಣ್ಣುಮಕ್ಕಳನ್ನು ಅಲ್ಲಿಗೆ ಕಳಿಸಲು ಸುಲಭವಾಗಿ ಒಪ್ಪಲಿಲ್ಲ. ಕಾರಣ ಎರಡು. ಒಂದು, ಮತಾಂತರದ ಭಯ. ಇನ್ನೊಂದು, ವಯಸ್ಸು. ಎಂಟೊಂಬತ್ತು ವರ್ಷಕ್ಕೆ ಮದುವೆಯಾಗಿ, ಹನ್ನೆರಡು ಹದಿಮೂರಕ್ಕೆ ಅತ್ತೆಯ ಮನೆ ಸೇರುವ ಹುಡುಗಿ ಎಷ್ಟು ಓದಿಯಾಳು? ಕಾಗುಣಿತ ಕಲಿತು, ಒಂದೆರಡು ಪಾಠ ಓದಿ, ಲೆಕ್ಕದಲ್ಲಿ ಕೂಡುವುದು ಕಳೆಯುವುದು ಬರುವ ಹೊತ್ತಿಗೆ ಅವಳ ಶಾಲೆ ಮುಗಿದುಹೋಗುತ್ತಿತ್ತು. ಹೆಣ್ಣುಮಕ್ಕಳ ಶಾಲೆ ತೆರೆಯುವುದು ಆ ಕಾಲದಲ್ಲಿ ಅಷ್ಟು ಕಷ್ಟವಾಗಿರಲಿಲ್ಲ. ಒಳಗೆ ಬಂದವಳನ್ನು ಹದಿನಾರು ವರ್ಷದವರೆಗೆ ಉಳಿಸಿಕೊಳ್ಳುವುದೇ ಕಷ್ಟವಾಗಿತ್ತು. ಕಾಲೇಜೆಂಬುದು ಹದಿನಾರರ ಮೇಲಿನ ಮಾತು.

ಈ ಗಂಟನ್ನು ಸಡಿಲಿಸಿದ ಊರು ಬೆಂಗಳೂರಲ್ಲ, ಮೈಸೂರು. ೧೮೩೧ರಿಂದ ಐವತ್ತು ವರ್ಷ ಬ್ರಿಟಿಷ್ ಕಮಿಷನರುಗಳ ಕೈಯಲ್ಲಿದ್ದ ಸಂಸ್ಥಾನವು ೧೮೮೧ರ ಮಾರ್ಚ್ ೨೫ರಂದು ಚಾಮರಾಜೇಂದ್ರ ಒಡೆಯರಿಗೆ ಮರಳಿ ಬಂದಿತು. ಅದೇ ವರ್ಷ ಅರಮನೆಯ ಬಕ್ಷಿಗಳಾಗಿದ್ದ ಅಂಬಿಲ್ ನರಸಿಂಹ ಅಯ್ಯಂಗಾರ್ಯರು ಮಹಾರಾಣಿಯವರ ಹೆಸರಿನಲ್ಲಿ ಹೆಣ್ಣುಮಕ್ಕಳ ಪಾಠಶಾಲೆಯೊಂದನ್ನು ಆರಂಭಿಸಿದರು. ಅಯ್ಯಂಗಾರ್ಯರು ಊರಿನವರ ಮನಸ್ಸನ್ನು ಬಲ್ಲವರು. ಇಂಗ್ಲಿಷಿನಿಂದ ಆರಂಭಿಸಲಿಲ್ಲ, ಕನ್ನಡದಿಂದ, ಸಂಸ್ಕೃತದಿಂದ, ಸಂಗೀತದಿಂದ ಆರಂಭಿಸಿದರು. ವೀಣೆ ಕಲಿಯುವ ಮಗಳನ್ನು ಮನೆಯವರು ಬೇಡವೆನ್ನುವುದಿಲ್ಲ. ಪಾಠ ಹೇಳಲು ನೆರೆತ ತಲೆಯ ಪಂಡಿತರು ಬಂದರು. ಹುಡುಗಿಯರನ್ನು ಮನೆ ಬಾಗಿಲಿನಿಂದ ಕರೆತಂದು ಮರಳಿ ಬಿಡುವುದಕ್ಕೆ ಗಾಡಿಗಳ ಏರ್ಪಾಟಾಯಿತು. ಮಹಾರಾಣಿಯವರ ಹೆಸರಿದ್ದ ಮೇಲೆ, ಮಗಳನ್ನು ಅಲ್ಲಿಗೆ ಕಳಿಸುವುದು ಅವಮಾನವಾಗುವ ಬದಲು ಮರ್ಯಾದೆಯಾಯಿತು.

ಇದನ್ನು ಜಾಣತನವೆಂದೂ ಕರೆಯಬಹುದು, ರಾಜಿಯೆಂದೂ ಕರೆಯಬಹುದು. ನನ್ನ ಮಟ್ಟಿಗೆ ಅದು ಎರಡೂ ಹೌದು. ಮೇಲುಜಾತಿಯ ಮನೆಗಳ ಅಂಜಿಕೆಯನ್ನು ಗೆಲ್ಲುವ ಸಲುವಾಗಿ ಶಾಲೆಯ ಬಾಗಿಲನ್ನು ಮೊದಮೊದಲು ಆ ಮನೆಗಳ ಮಕ್ಕಳಿಗೆ ಮಾತ್ರ ತೆರೆಯಲಾಯಿತು. ಸರ್ಕಾರದ ಹಣ, ಅರಮನೆಯ ಹೆಸರು ಇವೆರಡೂ ಇದ್ದ ಸಂಸ್ಥೆಯೊಳಕ್ಕೆ ಕುಶಲಕರ್ಮಿಯ ಮಗಳೋ ಒಕ್ಕಲಿನ ಮಗಳೋ ಕಾಲಿಡಲು ಇನ್ನೂ ಬಹುಕಾಲ ಕಾಯಬೇಕಾಯಿತು. ಮಿಷನ್ನಿನ ಶಾಲೆ ಯಾರು ಬಂದರೂ ಸೇರಿಸಿಕೊಳ್ಳುತ್ತಿತ್ತು, ಆದರೆ ಮೇಲಿನವರು ಬರಲೊಲ್ಲರು. ಮಹಾರಾಣಿ ಶಾಲೆಗೆ ಮೇಲಿನವರು ಬಂದರು, ಉಳಿದವರನ್ನು ಹೊರಗಿಟ್ಟು. ಎರಡರಲ್ಲಿ ಕಾಲೇಜಾಗಿ ಬೆಳೆದದ್ದು ಎರಡನೆಯದು. ಆ ಬೆಳವಣಿಗೆಗೆ ತೆತ್ತ ಬೆಲೆಯನ್ನು ಮರೆತು ಹೊಗಳಿಕೆಯನ್ನಷ್ಟೇ ಬರೆದರೆ ಚರಿತ್ರೆ ಆಗುವುದಿಲ್ಲ.

ಇಲ್ಲಿ ಮಹಾರಾಣಿಯವರ ವಿಷಯ ಒಂದು ಮಾತು. ವಾಚಕರು ಆ ಹೆಸರನ್ನು ಕೇಳಿದೊಡನೆ ವಯಸ್ಸಾದ, ಗಂಭೀರ ಮುಖದ ರಾಜಮಾತೆಯೊಬ್ಬರನ್ನು ಕಲ್ಪಿಸಿಕೊಳ್ಳುವುದುಂಟು. ಕಳಲೆಯ ಮನೆತನದ ಕೆಂಪನಂಜಮ್ಮಣ್ಣಿಯವರು ಹುಟ್ಟಿದ್ದು ೧೮೬೬ರಲ್ಲಿ, ಮದುವೆಯಾದದ್ದು ೧೮೭೮ರಲ್ಲಿ. ಎಂದರೆ ಶಾಲೆ ಆರಂಭವಾದಾಗ ಅವರಿಗೆ ಸುಮಾರು ಹದಿನೈದು. ಇಂದಿನ ಲೆಕ್ಕದಲ್ಲಿ ಹೈಸ್ಕೂಲಿನ ಹುಡುಗಿ! ತಾವೇ ಹನ್ನೆರಡರ ವಯಸ್ಸಿನಲ್ಲಿ ಮದುಮಗಳಾಗಿದ್ದವರು ಅವರು. ೧೮೯೪ರ ಡಿಸೆಂಬರಿನಲ್ಲಿ ಮಹಾರಾಜರು ಕಲ್ಕತ್ತೆಯಲ್ಲಿ ತೀರಿಕೊಂಡಾಗ ಅವರಿಗೆ ಇಪ್ಪತ್ತೆಂಟು. ಗಂಡನನ್ನು ಕಳೆದುಕೊಂಡ ಹೆಂಗಸು ಹಿತ್ತಲ ಕೋಣೆಗೆ ಸೇರಬೇಕೆಂದು ನಂಬಿದ್ದ ಆ ಕಾಲದಲ್ಲಿ ಅವರು ೧೮೯೫ರಿಂದ ೧೯೦೨ರವರೆಗೆ, ಮಗ ನಾಲ್ವಡಿ ಕೃಷ್ಣರಾಜರು ಪ್ರಾಪ್ತವಯಸ್ಕರಾಗುವ ತನಕ, ಸಂಸ್ಥಾನವನ್ನು ಆಳಿದರು. ವಾಣೀವಿಲಾಸ ಸನ್ನಿಧಾನವೆಂಬ ಅವರ ಬಿರುದು ಮಾರಿಕಣಿವೆಯ ಅಣೆಕಟ್ಟೆಯಲ್ಲಿ, ಕೋಟೆಯ ಬಳಿಯ ಹೆಂಗಸರ ಆಸ್ಪತ್ರೆಯಲ್ಲಿ, ಬೆಂಗಳೂರಿನ ಹೆಣ್ಣುಮಕ್ಕಳ ಶಾಲೆಯಲ್ಲಿ ಈಗಲೂ ಉಳಿದಿದೆ. ಮಗಳನ್ನು ಶಾಲೆಗೆ ಕಳಿಸಲೊಲ್ಲದ ತಂದೆಗೆ ಊರಿನವರು ಹೇಳಬಹುದಾಗಿದ್ದ ಉತ್ತರ ಸಿಂಹಾಸನದ ಪಕ್ಕದಲ್ಲೇ ಕುಳಿತಿತ್ತು.

ವಯಸ್ಸಿನ ತೊಡಕಿಗೆ ಕಾನೂನು ಕೂಡ ಕೈಹಾಕಿತು. ೧೮೯೪ರಲ್ಲಿ ಮೈಸೂರು ಸರ್ಕಾರ ಶಿಶುವಿವಾಹ ನಿಷೇಧದ ಶಾಸನವನ್ನು ತಂದಿತು. ಎಂಟು ವರ್ಷ ತುಂಬದ ಹುಡುಗಿಗೆ ಮದುವೆ ಮಾಡಕೂಡದು. ಐವತ್ತು ದಾಟಿದ ಗಂಡಸು ಹದಿನಾಲ್ಕು ತುಂಬದವಳನ್ನು ಮದುವೆಯಾಗಕೂಡದು. ಇಷ್ಟೇ! ಇಂದು ಓದಿದರೆ ನಗಬೇಕೋ ಅಳಬೇಕೋ ತಿಳಿಯದು. ಆದರೆ ಎಂಟೆಂದರೂ ಎಂಟೇ. ಮಗಳ ಮದುವೆಯ ವಯಸ್ಸನ್ನು ಮನೆಯ ಹಿರಿಯರಲ್ಲದೆ ಹೊರಗಿನವರೂ ಹೇಳಬಹುದೆಂಬ ಮಾತು ಮೊದಲ ಬಾರಿಗೆ ಸಂಸ್ಥಾನದಲ್ಲಿ ನಡೆಯಿತು. ಮುಂದಿನ ಎಂಬತ್ತನಾಲ್ಕು ವರ್ಷಗಳಲ್ಲಿ ದೇಶದ ಕಾನೂನು ಅದನ್ನು ಮೆಟ್ಟಲು ಮೆಟ್ಟಲಾಗಿ ಏರಿಸಿ, ೧೯೭೮ರಲ್ಲಿ ಹದಿನೆಂಟಕ್ಕೆ ತಂದು ನಿಲ್ಲಿಸಿತು.

ಇನ್ನು ಶಾಲೆ ಕಾಲೇಜಾದ ಬಗೆ. ಆಗ ಸಂಸ್ಥಾನಕ್ಕೆ ತನ್ನದೇ ವಿಶ್ವವಿದ್ಯಾನಿಲಯ ಇರಲಿಲ್ಲ; ಮದರಾಸು ವಿಶ್ವವಿದ್ಯಾನಿಲಯವೇ ಗತಿ. ಅದರ ಪದ್ಧತಿ ಹೀಗೆ: ಮೊದಲು ಮೆಟ್ರಿಕ್ಯುಲೇಷನ್, ಅದಾದ ಎರಡು ವರ್ಷಕ್ಕೆ ಎಫ್.ಎ.; ಮತ್ತೆ ಎರಡು ವರ್ಷಕ್ಕೆ ಬಿ.ಎ. ಎಫ್.ಎ. ತನಕ ಮಾತ್ರ ಪಾಠ ಹೇಳುವ ಕಾಲೇಜು ಎರಡನೆಯ ದರ್ಜೆಯದು, ಬಿ.ಎ. ತನಕ ಹೇಳುವುದು ಮೊದಲ ದರ್ಜೆಯದು. ಮೈಸೂರಿನ ಮಹಾರಾಣಿ ಶಾಲೆ ಪ್ರಾಥಮಿಕದಿಂದ ಹೈಸ್ಕೂಲಿಗೆ, ಹೈಸ್ಕೂಲಿನಿಂದ ಎರಡನೆಯ ದರ್ಜೆಗೆ, ಅಲ್ಲಿಂದ ಮೊದಲ ದರ್ಜೆಗೆ ಒಂದೊಂದಾಗಿ ಏರಿದ್ದು ಹಳೆಯ ಶತಮಾನ ಕಳೆದು ಹೊಸ ಶತಮಾನ ಹುಟ್ಟಿದ ಆ ಕೆಲವೇ ವರ್ಷಗಳಲ್ಲಿ. ಒಂದೇ ಹೆಸರಿನ ಸಂಸ್ಥೆಯಲ್ಲಿ ಅ ಆ ಇ ಈ ತಿದ್ದುವ ಮಗುವೂ ಬಿ.ಎ. ಓದುವ ಯುವತಿಯೂ ಇರುತ್ತಿದ್ದ ಕಾಲ ಅದು.

೧೯೦೬ರಲ್ಲಿ ಶ್ರೀರಂಗಮ್ಮ ಮತ್ತು ರುಕ್ಮಿಣಮ್ಮ ಎಂಬ ಇಬ್ಬರು ಈ ಕಾಲೇಜಿನಿಂದ ಬಿ.ಎ. ಪದವಿ ಪಡೆದರು. ಇಬ್ಬರೇ. ಆದರೆ ಆ ಇಬ್ಬರ ತೂಕವನ್ನು ತಿಳಿಯಲು ಸುತ್ತಮುತ್ತ ನೋಡಬೇಕು. ೧೯೦೧ರ ಖಾನೇಷುಮಾರಿಯ ಪ್ರಕಾರ ಇಡೀ ಹಿಂದೂಸ್ಥಾನದಲ್ಲಿ ಅಕ್ಷರ ಬಲ್ಲ ಹೆಂಗಸರು ನೂರಕ್ಕೆ ಒಬ್ಬರೂ ಇರಲಿಲ್ಲ. ಸಾವಿರಕ್ಕೆ ಆರು ಮಂದಿ. ಕಲ್ಕತ್ತೆಯ ಬೆಥೂನ್ ಕಾಲೇಜಿನಿಂದ ಕಾದಂಬಿನಿ ಗಂಗೂಲಿ ಮತ್ತು ಚಂದ್ರಮುಖಿ ಬಸು ಪದವಿ ಪಡೆದು ಆಗಲೇ ಇಪ್ಪತ್ತಮೂರು ವರ್ಷವಾಗಿತ್ತು, ಅದು ನಿಜ. ಆದರೆ ಮದರಾಸು ನಗರದಲ್ಲಿ ಕ್ವೀನ್ ಮೇರಿ ಕಾಲೇಜು ತೆರೆಯಲು ಇನ್ನೂ ಎಂಟು ವರ್ಷವಿತ್ತು. ಇನ್ನು ಸೀಮೆಯ ಮಾತು ಹೇಳುವುದಾದರೆ, ಕೇಂಬ್ರಿಜ್ಜಿನ ಗರ್ಟನ್ ಕಾಲೇಜು ಹೆಂಗಸರಿಗಾಗಿ ೧೮೬೯ರಲ್ಲೇ ಹುಟ್ಟಿತ್ತು. ಅಲ್ಲಿನ ಹೆಂಗಸರು ಓದಬಹುದಿತ್ತು, ಪರೀಕ್ಷೆಗೆ ಕೂರಬಹುದಿತ್ತು, ಆದರೆ ಪೂರ್ಣ ಪದವಿ ಮಾತ್ರ ಅವರಿಗೆ ದೊರೆತದ್ದು ೧೯೪೮ರಲ್ಲಿ! ಆಕ್ಸ್‌ಫರ್ಡ್ ೧೯೨೦ರಲ್ಲಿ ಕೊಟ್ಟಿತು. ಮೈಸೂರಿನ ಇಬ್ಬರು ಹೆಣ್ಣುಮಕ್ಕಳ ಹೆಸರಿನ ಮುಂದೆ ಬಿ.ಎ. ಎಂದು ಬರೆಯುವಾಗ ಕೇಂಬ್ರಿಜ್ಜಿನ ಹೆಂಗಸರು ಹಾಗೆ ಬರೆದುಕೊಳ್ಳುವಂತಿರಲಿಲ್ಲ.

ಓದಿದ ಹೆಂಗಸು ಏನು ಮಾಡಬೇಕು? ಆ ಕಾಲದಲ್ಲಿ ಅದಕ್ಕಿದ್ದ ಉತ್ತರ ಬಹುಮಟ್ಟಿಗೆ ಒಂದೇ: ಇನ್ನೊಬ್ಬಳಿಗೆ ಪಾಠ ಹೇಳಬೇಕು. ವಯಸ್ಸಾದ ಪಂಡಿತರನ್ನೇ ಎಷ್ಟು ಕಾಲ ನೆಚ್ಚಿಕೊಂಡಿರುವುದು? ಹುಡುಗಿ ದೊಡ್ಡವಳಾದ ಮೇಲೂ ಶಾಲೆಗೆ ಬರಬೇಕಾದರೆ ಉಪಾಧ್ಯಾಯಿನಿ ಬೇಕು. ಉಪಾಧ್ಯಾಯಿನಿ ಸಿಗಬೇಕಾದರೆ ಓದಿದವಳು ಬೇಕು. ಈ ಸುತ್ತಿನಿಂದ ಹೊರಬರಲು ಮೈಸೂರಿನಲ್ಲಿ ಹುಡುಕಿದ ದಾರಿ ಎಳೆಯ ವಯಸ್ಸಿನಲ್ಲೇ ವಿಧವೆಯರಾದವರನ್ನು ಓದಿಸಿ ಉಪಾಧ್ಯಾಯಿನಿಯರನ್ನಾಗಿ ಮಾಡುವುದು. ಸಮಾಜ ಯಾರನ್ನು ಮೂಲೆಗೆ ತಳ್ಳಿತ್ತೋ ಅವರ ಕೈಗೇ ಮಕ್ಕಳ ಸ್ಲೇಟು ಬಂದಿತು. ಒಂದು ಹೊತ್ತಿನ ಊಟಕ್ಕೆ ಅಣ್ಣನ ಮನೆಯಲ್ಲಿ ದುಡಿಯುತ್ತಿದ್ದವಳು ಸಂಬಳ ತರತೊಡಗಿದಳು. ಆ ಮನೆಯಲ್ಲಿ ಅವಳ ಮಾತಿಗೆ ಬೆಲೆ ಬಂದ ಬಗೆಯನ್ನು ಯಾರೂ ವರದಿಯಲ್ಲಿ ಬರೆದಿಡಲಿಲ್ಲ, ಆದರೆ ಹಳೆಯ ಮೈಸೂರಿನ ಎಷ್ಟೋ ಕುಟುಂಬಗಳಲ್ಲಿ ಅಂಥ ಒಬ್ಬ ಸೋದರತ್ತೆಯೋ ದೊಡ್ಡಮ್ಮನೋ ಇದ್ದರು.

ಪದವೀಧರೆಯರ ಶಕ್ತಿ ಬೆಂಗಳೂರಿಗೂ ಹರಿಯಿತು. ೧೯೧೩ರಲ್ಲಿ ಇಲ್ಲಿ ಮಹಿಳಾ ಸೇವಾ ಸಮಾಜ ಹುಟ್ಟಿತು. ಬಸವನಗುಡಿಯ ಕಡೆಯ ಹೆಂಗಸರಿಗೆ ಅದು ಓದುವ, ಹೊಲಿಗೆ ಕಲಿಯುವ, ಒಟ್ಟಿಗೆ ಕೂರುವ ನೆಲೆಯಾಯಿತು. ಕೆ. ಡಿ. ರುಕ್ಮಿಣಮ್ಮನವರು ಅದಕ್ಕಾಗಿ ದುಡಿದವರಲ್ಲಿ ಪ್ರಮುಖರು. ಸಂಸ್ಥಾನದ ಮೊದಮೊದಲ ಪದವೀಧರೆಯರ ಸಾಲಿಗೆ ಸೇರಿದ ಕಮಲಮ್ಮ ದಾಸಪ್ಪನವರೂ ಆ ಸಮಾಜದ ಕೆಲಸದಲ್ಲಿ ತೊಡಗಿದ್ದವರು. ಅದೇ ೧೯೧೩ರಲ್ಲಿ ಆರ್. ಕಲ್ಯಾಣಮ್ಮನವರು ಶಾರದಾ ಸ್ತ್ರೀಸಮಾಜವನ್ನು ಕಟ್ಟಿದರು. ಕಲ್ಯಾಣಮ್ಮನವರು ಬಾಲವಿಧವೆ, ಕಾಲೇಜು ಮೆಟ್ಟಲು ಹತ್ತಿದವರಲ್ಲ. ಆದರೂ 'ಸರಸ್ವತಿ' ಪತ್ರಿಕೆಯನ್ನು ದಶಕಗಳ ಕಾಲ ನಡೆಸಿದರು, ೧೯೩೮ರಲ್ಲಿ ಚಾಮರಾಜಪೇಟೆಯಲ್ಲಿ ಮಕ್ಕಳ ಕೂಟವನ್ನು ಸ್ಥಾಪಿಸಿದರು. ನಂಜನಗೂಡಿನಿಂದ ತಿರುಮಲಾಂಬನವರು ತಮ್ಮದೇ ಗ್ರಂಥಮಾಲೆಯನ್ನೂ ಪತ್ರಿಕೆಯನ್ನೂ ನಡೆಸಿದರು. ಕಾಲೇಜಿನ ಚರಿತ್ರೆಯಲ್ಲಿ ಇವರೇಕೆ ಎಂದು ವಾಚಕರು ಕೇಳಬಹುದು. ಮನೆಯಲ್ಲಿ ಕನ್ನಡ ಪತ್ರಿಕೆ ಓದುವ ತಾಯಿ ಇಲ್ಲದಿದ್ದರೆ ಮಗಳು ಕಾಲೇಜಿಗೆ ಹೋಗುವ ಮಾತೇ ಏಳುತ್ತಿರಲಿಲ್ಲ. ಕಟ್ಟಡವನ್ನು ಸರ್ಕಾರ ಕಟ್ಟಿತು. ಅದರೊಳಕ್ಕೆ ಬರುವ ಹುಡುಗಿಯರನ್ನು ಸಿದ್ಧಮಾಡಿದವರು ಇಂಥ ಹೆಂಗಸರು.

೧೯೧೬ರ ಜುಲೈಯಲ್ಲಿ ಮೈಸೂರು ವಿಶ್ವವಿದ್ಯಾನಿಲಯ ಸ್ಥಾಪನೆಯಾಯಿತು. ವಿಶ್ವೇಶ್ವರಯ್ಯನವರು ಆಗ ದಿವಾನರು, ನಾಲ್ವಡಿ ಕೃಷ್ಣರಾಜ ಒಡೆಯರು ಮೊದಲ ಕುಲಾಧಿಪತಿಗಳು, ಎಚ್. ವಿ. ನಂಜುಂಡಯ್ಯನವರು ಮೊದಲ ಉಪಕುಲಪತಿಗಳು. ಮದರಾಸಿನ ಹಂಗು ತಪ್ಪಿತು. ಆದರೆ ಬೆಂಗಳೂರಿನ ಹುಡುಗಿಯರಿಗೆ ಹೊಸ ಫಜೀತಿಯೊಂದು ಹುಟ್ಟಿತು. ಹೊಸ ವಿಶ್ವವಿದ್ಯಾನಿಲಯವು ಬಹುಕಾಲ ತನ್ನ ಪದವಿ ತರಗತಿಗಳನ್ನು ಎರಡು ಊರುಗಳಲ್ಲಿ ಹಂಚಿಟ್ಟಿತ್ತು: ಸಾಹಿತ್ಯ, ಚರಿತ್ರೆ, ತತ್ತ್ವಶಾಸ್ತ್ರ ಮೈಸೂರಿನಲ್ಲಿ, ವಿಜ್ಞಾನ ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ. ನಗರ್ತಪೇಟೆಯ ಹುಡುಗಿಯೊಬ್ಬಳು ಕನ್ನಡ ಸಾಹಿತ್ಯವನ್ನು ಪದವಿಗೆ ಓದಬೇಕೆಂದರೆ ರೈಲು ಹತ್ತಿ ಮೈಸೂರಿಗೆ ಹೋಗಿ ಹಾಸ್ಟೆಲಿನಲ್ಲಿರಬೇಕು. ವಿಜ್ಞಾನ ಓದಬೇಕೆಂದರೆ ಮನೆಯಿಂದಲೇ ನಡೆದುಹೋಗಬಹುದು, ಆದರೆ ಗಂಡುಹುಡುಗರ ನಡುವೆ ಕೂರಬೇಕು. ಒಂದಕ್ಕೆ ಊರು ಬಿಡಬೇಕು, ಇನ್ನೊಂದಕ್ಕೆ ಸಂಕೋಚ ಬಿಡಬೇಕು. ಹುಡುಗಿ ಎರಡಕ್ಕೂ ಸಿದ್ಧಳಿದ್ದರೂ ಮನೆಯ ಹಿರಿಯರು ಯಾವುದಕ್ಕೂ ಸಿದ್ಧರಿರುತ್ತಿರಲಿಲ್ಲ.

ಹೀಗಾಗಿ ೧೯೩೮ರಲ್ಲಿ, ಸರ್ ಮಿರ್ಜಾ ಇಸ್ಮಾಯಿಲ್ ದಿವಾನರಾಗಿದ್ದ ಕಾಲದಲ್ಲಿ, ಬೆಂಗಳೂರಿನಲ್ಲಿಯೇ ಮಹಾರಾಣಿಯವರ ಹೆಸರಿನಲ್ಲಿ ಹೆಣ್ಣುಮಕ್ಕಳ ಕಾಲೇಜು ತೆರೆದಾಗ, ಅದು ದೊಡ್ಡ ಕಾಲೇಜೇನೂ ಆಗಿರಲಿಲ್ಲ. ಇಂಟರ್‌ಮೀಡಿಯೆಟ್ ಮಾತ್ರ; ಹೈಸ್ಕೂಲು ಮುಗಿದ ಮೇಲಿನ ಎರಡು ವರ್ಷ. ಈ ಎರಡು ವರ್ಷಗಳನ್ನು ಹಗುರವಾಗಿ ಕಾಣಬೇಡಿ. ಹದಿನಾರಕ್ಕೆ ಹೈಸ್ಕೂಲು ಮುಗಿಸಿದ ಹುಡುಗಿಗೆ ಮನೆಯಲ್ಲಿ ಗಂಡು ಹುಡುಕಲು ಶುರುಮಾಡುವುದು ಅದೇ ಹೊತ್ತಿನಲ್ಲಿ. "ಇನ್ನೆರಡು ವರ್ಷ, ಹತ್ತಿರದಲ್ಲೇ, ಹೆಣ್ಣುಮಕ್ಕಳದ್ದೇ ಕಾಲೇಜು" ಎನ್ನುವ ಮಾತಿಗೆ ತಂದೆ ತಲೆಯಾಡಿಸಿದರೆ ಹದಿನೆಂಟು ಆಗುತ್ತದೆ. ಹದಿನೆಂಟಕ್ಕೆ ಇಂಟರ್ ಮುಗಿಸಿ ಒಳ್ಳೆಯ ಅಂಕ ಬಂದವಳನ್ನು ಅಲ್ಲಿಗೇ ನಿಲ್ಲಿಸುವುದು ಕಷ್ಟ. ನಡುವಿನ ಸೇತುವೆ ಸಣ್ಣದಾಗಿದ್ದರೂ ಈಚೆ ದಡದಿಂದ ಆಚೆ ದಡಕ್ಕೆ ಅದೊಂದೇ ಇತ್ತು.

ಜಾಗದ ಆಯ್ಕೆಯೂ ಚೆನ್ನಾಗಿತ್ತು. ಪೇಟೆಯವರಿಗೆ ಹತ್ತಿರ, ಚಾಮರಾಜಪೇಟೆ, ಮಲ್ಲೇಶ್ವರ ಎರಡಕ್ಕೂ ದೂರವಲ್ಲ, ದಂಡಿನ ಕಡೆಯವರಿಗೂ ಅನುಕೂಲ. ಪಕ್ಕದಲ್ಲಿ ಸೆಂಟ್ರಲ್ ಕಾಲೇಜು ಇದ್ದದ್ದರಿಂದ ಇಂಟರ್ ಮುಗಿಸಿದವಳಿಗೆ ಮುಂದಿನ ಮೆಟ್ಟಲು ಕಣ್ಣೆದುರಿಗೇ ಇತ್ತು. ಶೇಷಾದ್ರಿ ರಸ್ತೆಯ ಆಚೆ ಬದಿಯಲ್ಲಿ ಆಗ ಸೆಂಟ್ರಲ್ ಜೈಲು. ಕಾಲೇಜಿನ ಹುಡುಗಿಯರು ಆ ಎತ್ತರದ ಗೋಡೆಯನ್ನು ನೋಡುತ್ತಲೇ ಚರಿತ್ರೆ ಓದಿದರು. ಜೈಲು ೨೦೦೦ದಲ್ಲಿ ಪರಪ್ಪನ ಅಗ್ರಹಾರಕ್ಕೆ ಹೋಯಿತು. ೨೦೦೮ರಲ್ಲಿ ಆ ಜಾಗ ಸ್ವಾತಂತ್ರ್ಯ ಉದ್ಯಾನವಾಯಿತು. ಈಗ ಅಲ್ಲಿ ಧರಣಿ ಕೂರುವವರಲ್ಲಿ ಅಂಗನವಾಡಿಯ ಹೆಂಗಸರೂ ಆಶಾ ಕಾರ್ಯಕರ್ತೆಯರೂ ಇರುತ್ತಾರೆ. ರಸ್ತೆಯ ಈಚೆ ಕಾಲೇಜು, ಆಚೆ ಧರಣಿ.

ಹೆಣ್ಣುಮಕ್ಕಳಿಗೆ ಬೇರೆ ಕಾಲೇಜು ಬೇಕೆ ಎಂಬ ಪ್ರಶ್ನೆ ಹಳೆಯದು, ಇಂದಿಗೂ ಮುಗಿದಿಲ್ಲ. ಬೇಡವೆನ್ನುವವರ ವಾದದಲ್ಲಿ ಹುರುಳಿದೆ. ಬೇರೆ ಕಾಲೇಜೆಂದರೆ ಹಲವು ಸಲ ಚಿಕ್ಕ ಪ್ರಯೋಗಶಾಲೆ, ಕಡಮೆ ವಿಷಯಗಳು, ಗೃಹಕೃತ್ಯಕ್ಕೆ ಒಪ್ಪುವ ಪಾಠ ಎಂದಾಗಿಬಿಡುತ್ತದೆ. ಮೇಲ್ಮಟ್ಟದ ವಿಜ್ಞಾನ ಬೇಕೆಂದವಳು ಸೆಂಟ್ರಲ್ ಕಾಲೇಜಿಗೇ ಹೋಗಬೇಕಾಗಿತ್ತು. ಹಾಗೆ ಹೋದವರಲ್ಲಿ ಒಬ್ಬರು ಮುಂದೆ ರಾಜೇಶ್ವರಿ ಚಟರ್ಜಿ ಎಂದು ಪ್ರಸಿದ್ಧರಾದವರು. ೧೯೨೨ರಲ್ಲಿ ಹುಟ್ಟಿದ ಇವರು ಮೇಲೆ ಹೇಳಿದ ಕಮಲಮ್ಮ ದಾಸಪ್ಪನವರ ಮೊಮ್ಮಗಳು. ಅಜ್ಜಿ ಮಹಿಳಾ ಸೇವಾ ಸಮಾಜದ ಆಶ್ರಯದಲ್ಲಿ ನಡೆಸಿದ ಶಾಲೆಯಲ್ಲಿ ಓದು ಆರಂಭಿಸಿ, ಸೆಂಟ್ರಲ್ ಕಾಲೇಜಿನಲ್ಲಿ ಗಣಿತ ಓದಿ, ಭಾರತೀಯ ವಿಜ್ಞಾನ ಮಂದಿರ ಸೇರಿ, ಅಮೆರಿಕದ ಮಿಷಿಗನ್ ವಿಶ್ವವಿದ್ಯಾನಿಲಯದಲ್ಲಿ ಡಾಕ್ಟರೇಟ್ ಪಡೆದು ಮರಳಿ ವಿಜ್ಞಾನ ಮಂದಿರದಲ್ಲೇ ಪ್ರಾಧ್ಯಾಪಕರಾದರು. ಸೂಕ್ಷ್ಮತರಂಗ, ಆಂಟೆನಾ ಅವರ ವಿಷಯ. ರೇಡಿಯೋ ಕೇಳುವ ನಮ್ಮಂಥವರಿಗೆ ಆಂಟೆನಾದ ಮಾತು ಪರಕೀಯವಲ್ಲ.

ಆದರೆ ವಾಚಕರು ಒಂದನ್ನು ನೆನಪಿಡಬೇಕು. ರಾಜೇಶ್ವರಿಯವರ ಮನೆಯಲ್ಲಿ ಅಜ್ಜಿಯೇ ಪದವೀಧರೆ. ಅಂಥ ಅಜ್ಜಿ ಎಷ್ಟು ಮನೆಗಳಲ್ಲಿದ್ದಳು? ಅಂಗಡಿಯ ಹಿಂಬದಿಯ ಮನೆಯಲ್ಲಿ ಹತ್ತು ಜನರ ಅಡಿಗೆ ಮಾಡುತ್ತಿದ್ದ, ಹೆಬ್ಬೆಟ್ಟು ಒತ್ತುತ್ತಿದ್ದ ಅಜ್ಜಿಯ ಮೊಮ್ಮಗಳಿಗೆ ಸೆಂಟ್ರಲ್ ಕಾಲೇಜಿನ ಬಾಗಿಲು ಕಾನೂನಿನ ಪ್ರಕಾರ ತೆರೆದೇ ಇತ್ತು. ಆದರೂ ಅದು ಅವಳ ಪಾಲಿಗೆ ಮುಚ್ಚಿದ ಬಾಗಿಲೇ. ಅವಳನ್ನು ಹೊರಗೆ ತಂದದ್ದು "ಅಲ್ಲಿ ಹೆಣ್ಣುಮಕ್ಕಳು ಮಾತ್ರ" ಎಂಬ ಮೂರು ಮಾತು. ಈ ಕಾರಣಕ್ಕಾಗಿ ನಾನು ಬೇರೆ ಕಾಲೇಜಿನ ಪಕ್ಷವನ್ನೇ ಹಿಡಿಯುತ್ತೇನೆ. ಅದು ಉತ್ತಮವೆಂದಲ್ಲ, ಅದಿಲ್ಲದೆ ಬಾರದೆ ಉಳಿಯುತ್ತಿದ್ದವರು ಬಹು ಮಂದಿ ಎಂದು.

ಸ್ವಾತಂತ್ರ್ಯ ಬಂದ ಮೇಲೆ ಕಥೆ ವೇಗವಾಗಿ ಸಾಗುತ್ತದೆ. ೧೯೪೮ರಲ್ಲಿ ಕಾರ್ಮೆಲ್ ಸೋದರಿಯರ ಮೌಂಟ್ ಕಾರ್ಮೆಲ್ ಕಾಲೇಜು ಬೆಂಗಳೂರಿಗೆ ಬಂದಿತು. ೧೯೬೧ರಲ್ಲಿ ಗೃಹವಿಜ್ಞಾನದ ಕಾಲೇಜು ಶುರುವಾಯಿತು. ೧೯೬೪ರಲ್ಲಿ ಬೆಂಗಳೂರು ವಿಶ್ವವಿದ್ಯಾನಿಲಯ ಹುಟ್ಟಿದ ಮೇಲೆ ಪದವಿಗಾಗಿ ಮೈಸೂರಿನ ಕಡೆ ನೋಡುವುದು ತಪ್ಪಿತು. ಮಹಾರಾಣಿ ಕಾಲೇಜು ಇಂಟರ್ ದಾಟಿ ಪದವಿ ಕಾಲೇಜಾಗಿ ಬೆಳೆದು, ವಿಜ್ಞಾನಕ್ಕೊಂದು, ಕಲೆ ಮತ್ತು ವಾಣಿಜ್ಯಕ್ಕೊಂದು ಎಂದು ಕವಲೊಡೆಯಿತು. ೧೯೭೨ರಲ್ಲಿ ಮಲ್ಲೇಶ್ವರದ ಕಡೆ ಮಹಾರಾಣಿ ಲಕ್ಷ್ಮಿ ಅಮ್ಮಣ್ಣಿ ಕಾಲೇಜು, ೧೯೭೩ರಲ್ಲಿ ಜಯನಗರದಲ್ಲಿ ಎನ್.ಎಂ.ಕೆ.ಆರ್.ವಿ. ಕಾಲೇಜು. ಜಯನಗರದ ಕಾಲೇಜಿನ ಪ್ರಾಂಶುಪಾಲೆಯಾಗಿದ್ದ ಚಿ. ನ. ಮಂಗಳಾ ಅವರು ಅಲ್ಲಿ 'ಶಾಶ್ವತಿ' ಎಂಬ ಹೆಸರಿನಲ್ಲಿ ಹೆಂಗಸರ ಬದುಕಿನ ವಸ್ತುಸಂಗ್ರಹಾಲಯವನ್ನೂ ಅಧ್ಯಯನ ಕೇಂದ್ರವನ್ನೂ ಕಟ್ಟಿದರು. ನಂಜನಗೂಡು ತಿರುಮಲಾಂಬನವರ ಹೆಸರಿನಲ್ಲಿ ಲೇಖಕಿಯರಿಗೆ ಪ್ರಶಸ್ತಿ ಕೊಡುವ ಏರ್ಪಾಟನ್ನೂ ಮಾಡಿದರು. ಪದವಿ ಕೊಡುವುದರ ಜೊತೆಗೆ, ಪದವಿಯೇ ಇಲ್ಲದೆ ಬರೆದ ಹಿಂದಿನವರನ್ನು ನೆನೆಯುವ ಕೆಲಸ ಕಾಲೇಜಿಗೆ ಸೇರಿದ್ದು ಎಂದು ಅವರು ತೋರಿಸಿಕೊಟ್ಟರು.

ಈ ಎಲ್ಲ ಕಾಲೇಜುಗಳ ನಡುವೆ ಸರ್ಕಾರಿ ಮಹಾರಾಣಿ ಕಾಲೇಜಿನ ವಿಶೇಷವೇನೆಂದರೆ, ಶುಲ್ಕ ಕಡಮೆ. ೧೮೮೧ರಲ್ಲಿ ಮೈಸೂರಿನಲ್ಲಿ ಮೇಲುಜಾತಿಯವರಿಗಾಗಿ ತೆರೆದ ಬಾಗಿಲಿನ ಹೆಸರನ್ನೇ ಹೊತ್ತ ಸಂಸ್ಥೆ, ಬರಬರುತ್ತ ಗಾಡಿ ಎಳೆಯುವವನ, ಹೂವು ಮಾರುವವಳ, ದರ್ಜಿಯ, ಕೂಲಿಯವನ ಮಗಳ ಕಾಲೇಜಾಯಿತು. ಹಣವುಳ್ಳವರು ಬೇರೆ ಕಡೆ ಹೋದರು. ಬಿಟ್ಟುಹೋದ ಬೆಂಚುಗಳ ಮೇಲೆ ಅದುವರೆಗೆ ಯಾರಿಗೆ ಜಾಗವಿರಲಿಲ್ಲವೋ ಅವರು ಬಂದು ಕುಳಿತರು. ಊರಿನ ಹೊರವಲಯದಿಂದ, ರಾಮನಗರ, ದೊಡ್ಡಬಳ್ಳಾಪುರಗಳ ಕಡೆಯಿಂದ ದಿನವೂ ಬಸ್ಸಿನಲ್ಲಿ, ರೈಲಿನಲ್ಲಿ ಬರುವ ಹುಡುಗಿಯರಿದ್ದಾರೆ. ೨೦೨೩ರ ಜೂನ್ ೧೧ರಿಂದ ಸರ್ಕಾರಿ ಬಸ್ಸುಗಳಲ್ಲಿ ಹೆಂಗಸರಿಗೆ ಟಿಕೇಟಿನ ಹಣವಿಲ್ಲ. ಅಂಬಿಲ್ ನರಸಿಂಹ ಅಯ್ಯಂಗಾರ್ಯರ ಕಾಲದ ಶಾಲೆಯ ಗಾಡಿಯ ನೆನಪು ಬಂದರೆ ಆಶ್ಚರ್ಯವಿಲ್ಲ: ಹೆಣ್ಣುಮಗಳ ವಿದ್ಯೆಯ ಪ್ರಶ್ನೆ ಆಗಲೂ ಅರ್ಧದಷ್ಟು ದಾರಿಯ ಪ್ರಶ್ನೆಯಾಗಿತ್ತು, ಈಗಲೂ ಹಾಗೆಯೇ. ೨೦೧೧ರ ಜನಗಣತಿಯ ಪ್ರಕಾರ ಕರ್ನಾಟಕದ ಹೆಂಗಸರಲ್ಲಿ ಅಕ್ಷರಸ್ಥರು ನೂರಕ್ಕೆ ಅರವತ್ತೆಂಟು. ಉಳಿದ ಮೂವತ್ತೆರಡರಲ್ಲಿ ಬಹು ಮಂದಿ ಇಂದಿನ ವಿದ್ಯಾರ್ಥಿನಿಯರ ಅಮ್ಮಂದಿರು, ಅಜ್ಜಿಯರು.

ಮೈಸೂರಿನ ಹಿರಿಯಕ್ಕನ ಸುದ್ದಿ ಅಷ್ಟು ಸುಖವಾಗಿಲ್ಲ. ೨೦೨೨ರ ಅಕ್ಟೋಬರಿನ ಮಳೆಯಲ್ಲಿ ಅಲ್ಲಿನ ಮಹಾರಾಣಿ ವಿಜ್ಞಾನ ಕಾಲೇಜಿನ ಶತಮಾನದ ಕಟ್ಟಡದ ಒಂದು ಭಾಗ, ರಸಾಯನಶಾಸ್ತ್ರದ ಪ್ರಯೋಗಶಾಲೆಯಿದ್ದ ಕಡೆ, ಕುಸಿದುಬಿತ್ತು. ಅಪಾಯವನ್ನು ಗಮನಿಸಿ ಮು‌ಂಚೆಯೇ ಹುಡುಗಿಯರನ್ನು ಹೊರಗೆ ಕಳಿಸಿದ್ದರಿಂದ ಯಾರ ಪ್ರಾಣಕ್ಕೂ ಕೇಡಾಗಲಿಲ್ಲ. ಗಾಜಿನ ಸೀಸೆಗಳು, ಮೇಜುಗಳು, ಉಪಕರಣಗಳು ಕಲ್ಲು ಗಾರೆಯ ಕೆಳಗೆ ಹೋದವು. ಅರಮನೆಯನ್ನು ಪ್ರತಿ ದಸರೆಗೂ ಬಣ್ಣ ಬಳಿದು ದೀಪ ಹಚ್ಚಿ ನೋಡಿಕೊಳ್ಳುವ ಊರಿನಲ್ಲಿ, ಅದೇ ಅರಮನೆಯ ಹೆಸರಿನ ಕಾಲೇಜಿನ ಸೂರು ಸೋರುತ್ತಿದ್ದುದನ್ನು ಯಾರೂ ಹೊತ್ತಿಗೆ ಸರಿಯಾಗಿ ನೋಡಲಿಲ್ಲವೆಂಬುದು ನೋವಿನ ಮಾತು.

ಕಲ್ಲನ್ನು ಸರ್ಕಾರ ಮತ್ತೆ ಇಡಬಲ್ಲದು. ಆದರೆ ಈ ಕಾಲೇಜುಗಳ ಚರಿತ್ರೆಯ ಹೆಚ್ಚಿನ ಪಾಲು ಇರುವುದು ಕಚೇರಿಯ ಕಡತಗಳಲ್ಲಲ್ಲ, ಮನೆಗಳ ಟ್ರಂಕುಗಳಲ್ಲಿ. ನಿಮ್ಮ ಮನೆಯ ಅಟ್ಟದ ಮೇಲೆ ಅಜ್ಜಿಯ ಕಾಲದ ತರಗತಿಯ ಭಾವಚಿತ್ರವಿದೆಯೇ? ಸಾಲಾಗಿ ನಿಂತ ಉದ್ದ ಜಡೆಯ ಹುಡುಗಿಯರು, ನಡುವೆ ಕುರ್ಚಿಯಲ್ಲಿ ಬಿಳಿ ಸೀರೆಯ ಉಪಾಧ್ಯಾಯಿನಿ? ಹಳೆಯ ನೋಟ್‌ಪುಸ್ತಕ, ಬಹುಮಾನವಾಗಿ ಬಂದ ಪುಸ್ತಕ, ಹಾಸ್ಟೆಲಿನಿಂದ ತಂದೆಗೆ ಬರೆದ ಕಾರ್ಡು? ರದ್ದಿಗೆ ಹಾಕುವ ಮೊದಲು ಒಂದು ಸಲ ಬಿಚ್ಚಿ ನೋಡಿ. ಭಾವಚಿತ್ರದ ಹಿಂಬದಿಯಲ್ಲಿ, ನೆನಪಿರುವವರು ಇನ್ನೂ ಮನೆಯಲ್ಲಿರುವಾಗಲೇ, ಯಾರು ಯಾರೆಂದು ಎಡದಿಂದ ಬಲಕ್ಕೆ ಪೆನ್ಸಿಲಿನಲ್ಲಿ ಹೆಸರು ಬರೆದಿಡಿ.